ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಎರಡನೇ ಮಾನಿಟರ್ ಬೆಳಗದಿದ್ದರೆ: ದೋಷ ನಿವಾರಣೆ ಕೈಪಿಡಿ

ಎರಡು ಮಾನಿಟರ್‌ಗಳನ್ನು ನಡೆಸಬೇಕೆಂದು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇನ್ನೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿದವರ ತೊಂದರೆಗಳೆಲ್ಲ ಮೇಲ್ನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತವೆ. ಒಂದು ಪರದೆ ಬೆಳಗುತ್ತದೆ, ಇನ್ನೊಂದು ‘ನೋ ಸಿಗ್ನಲ್’ ಎಂದು ಒಮ್ಮೆ ತೋರಿಸಿ ಕಪ್ಪಾಗುತ್ತದೆ. ಇದೇ ಲಕ್ಷಣದ ಹಿಂದೆ ಬಯೋಸ್‌ನ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶದ) ಒಂದು ಆಯ್ಕೆ ಇರಬಹುದು, ಸಾಲದ ವಿದ್ಯುತ್ ಇರಬಹುದು, ಒಂದರ ಜೊತೆಗೆ ಇನ್ನೊಂದು ಬಾಳದ ಡ್ರೈವರ್‌ಗಳು (ವಿಂಡೋಸ್ ಕಾರ್ಡನ್ನು ನಡೆಸಲು ಬೇಕಾದ ತಂತ್ರಾಂಶಗಳು) ಇರಬಹುದು, ಇಲ್ಲವೇ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಕೇಬಲ್ಲನ್ನು ತಿರುಗಿಸಿ ಚುಚ್ಚಿರಬಹುದು. ಆದ್ದರಿಂದ ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದು ಎಲ್ಲಿಯವರೆಗೆ ಗುರುತಿಗೆ ಸಿಗುತ್ತಿದೆ ಎಂಬುದನ್ನು ನೋಡಬೇಕು: ಬಯೋಸ್ ಅದನ್ನು ಕಾಣುತ್ತಿದೆಯೇ, ವಿಂಡೋಸ್ ಕಾಣುತ್ತಿದೆಯೇ, ಡ್ರೈವರ್ ಅದನ್ನು ಹಿಡಿದುಕೊಂಡಿದೆಯೇ, ಕೊನೆಗೆ ಸಿಗ್ನಲ್ ಮಾನಿಟರನ್ನು ತಲುಪುತ್ತಿದೆಯೇ. ತಡೆ ಈ ನಾಲ್ಕರಲ್ಲಿ ಎಲ್ಲಿದೆ ಎಂದು ತಿಳಿದರೆ ಉಳಿದ ಮೂರರ ಗೊಡವೆ ಬೇಡ. ಪರೀಕ್ಷೆಯ ಉದ್ದಕ್ಕೂ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲ್ಲನ್ನೂ ಡ್ರೈವರನ್ನೂ ಒಟ್ಟಿಗೆ ಬದಲಿಸಿದವರಿಗೆ ಚಿತ್ರ ಬಂದರೂ ದೋಷ ಯಾವುದೆಂದು ತಿಳಿಯುವುದಿಲ್ಲ.

ಇಲ್ಲಿನ ವಿವರಗಳು ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ.

ಎರಡನೇ ಕಾರ್ಡ್ ಬೇಕೇ ಬೇಕೇ

ಕ್ಯಾಬಿನೆಟ್ಟಿನ ಹಿಂಬದಿಯನ್ನು ಒಮ್ಮೆ ನೋಡಿದರೆ ಬಹುಪಾಲು ಸಂದರ್ಭಗಳಲ್ಲಿ ಈ ಕೈಪಿಡಿಯೇ ಬೇಕಾಗುವುದಿಲ್ಲ. ಇಂಟೆಲ್ ಕೋರ್ ಪ್ರೊಸೆಸರುಗಳ 2ನೇ ತಲೆಮಾರಿನ ಆನ್‌ಬೋರ್ಡ್ ಗ್ರಾಫಿಕ್ಸ್ (ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್) ಎರಡು ಮಾನಿಟರ್‌ಗಳನ್ನು ನಡೆಸುತ್ತಿತ್ತು. 2012ರಲ್ಲಿ ಬಂದ 3ನೇ ತಲೆಮಾರು ಮೂರನ್ನು ನಡೆಸಬಲ್ಲದು. ಮದರ್‌ಬೋರ್ಡಿನಲ್ಲಿ ಒಂದು ವಿಜಿಎ, ಒಂದು ಎಚ್‌ಡಿಎಂಐ ಪೋರ್ಟ್ ಇದ್ದರೆ ಎರಡಕ್ಕೂ ಒಂದೊಂದು ಮಾನಿಟರ್ ಜೋಡಿಸಿ ವಿಂಡೋಸ್ ಕೀಲಿ ಮತ್ತು ‘ಪಿ’ ಅನ್ನು ಒಟ್ಟಿಗೆ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿದರೆ ಕೆಲಸ ಮುಗಿಯುತ್ತದೆ. ಪ್ರತ್ಯೇಕ ಕಾರ್ಡ್‌ಗಳಲ್ಲಿಯೂ ಒಂದಕ್ಕಿಂತ ಹೆಚ್ಚು ಪೋರ್ಟ್ ಇರುವುದೇ ರೂಢಿ. ಒಂದೇ ಕಾರ್ಡ್ ಎರಡೂ ಪರದೆಗಳನ್ನು ನಡೆಸುವಾಗ ಡ್ರೈವರ್ ಒಂದೇ, ಪರದೆಯಿಂದ ಪರದೆಗೆ ಕಿಟಕಿ ಎಳೆಯುವಾಗ ತಡವರಿಕೆ ಇಲ್ಲ, ವಿದ್ಯುತ್ ಖರ್ಚೂ ಕಡಿಮೆ. ಪೋರ್ಟುಗಳು ನಿಜಕ್ಕೂ ಸಾಲದಿದ್ದಾಗ, ಅಥವಾ ಆನ್‌ಬೋರ್ಡ್ ಗ್ರಾಫಿಕ್ಸ್ ಇರುವ ಯಂತ್ರಕ್ಕೆ ಆಟ, ವಿಡಿಯೊ ಸಂಕಲನದಂಥ ಕೆಲಸಕ್ಕಾಗಿ ಕಾರ್ಡ್ ಹಾಕಿದ ಮೇಲೆ ಹಳೆಯ ಪೋರ್ಟನ್ನೂ ಉಳಿಸಿಕೊಳ್ಳಬೇಕೆನಿಸಿದಾಗ ಮಾತ್ರ ಎರಡು ಗ್ರಾಫಿಕ್ಸ್‌ಗಳ ಸಹವಾಸ ಸಮರ್ಥನೀಯ ಎಂಬುದು ಈ ಲೇಖಕನ ಅಭಿಪ್ರಾಯ.

ಎರಡು ಕಾರ್ಡುಗಳನ್ನು ಎಸ್‌ಎಲ್‌ಐ ಅಥವಾ ಕ್ರಾಸ್‌ಫೈರ್ ಸೇತುವೆಯಿಂದ ಬೆಸೆಯಬೇಕು ಎಂಬ ತಪ್ಪು ತಿಳಿವಳಿಕೆ ಇನ್ನೂ ಉಳಿದಿದೆ. ಆ ವ್ಯವಸ್ಥೆಗಳು ಇದ್ದದ್ದು ಒಂದೇ ಆಟದ ಚಿತ್ರವನ್ನು ಎರಡೂ ಕಾರ್ಡುಗಳು ಸೇರಿ ಬರೆಯುವುದಕ್ಕಾಗಿ. ಎರಡು ಮಾನಿಟರ್ ನಡೆಸಲು ಅವು ಬೇಕಿಲ್ಲ.

ಕ್ಯಾಬಿನೆಟ್ ತೆರೆಯುವ ಮುನ್ನ

ಬಿಟ್‌ಲಾಕರ್ ಗೂಢಲಿಪೀಕರಣ ಇರುವ ಯಂತ್ರದಲ್ಲಿ ಬಯೋಸ್ ಬದಲಾವಣೆಯ ನಂತರ ವಿಂಡೋಸ್ 48 ಅಂಕಿಗಳ ರಿಕವರಿ ಕೀಯನ್ನು ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಮುಂದುವರಿಯಬಾರದು. ಅನಂತರ ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಇಳಿಸಿಕೊಂಡು ಕೈ ಹಾಕಬೇಕು. ಅರ್ತಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವುದುಂಟು. ಅಂಥಲ್ಲಿ ಯಂತ್ರ ಚಾಲೂ ಇರುವಾಗಲೇ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಪೋರ್ಟೇ ಸುಡುವ ಅಪಾಯವಿದೆ. ಕಂಪ್ಯೂಟರನ್ನೂ ಎರಡೂ ಮಾನಿಟರ್‌ಗಳನ್ನೂ ಅರ್ತಿಂಗ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಎಲ್ಲವನ್ನೂ ಆರಿಸಿಯೇ ಕೇಬಲ್ ಜೋಡಿಸುವುದು ಕ್ಷೇಮ.

ವಿದ್ಯುತ್ತಿನ ಲೆಕ್ಕ ಕಷ್ಟದ್ದಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನ ಉದ್ದನೆಯ 16 ಲೇನ್ (ದತ್ತಾಂಶ ಸಾಗುವ ದಾರಿ) ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡುತ್ತದೆ. 6 ಪಿನ್ನಿನ ಕನೆಕ್ಟರ್ ಇನ್ನೊಂದು 75, 8 ಪಿನ್ನಿನದು 150 ವ್ಯಾಟ್ ಸೇರಿಸುತ್ತದೆ. ಜಿಟಿ 710 ಕಾರ್ಡಿಗೆ 19 ವ್ಯಾಟ್, ಜಿಟಿ 1030ಕ್ಕೆ 30 ವ್ಯಾಟ್ ಸಾಕಾಗುವುದರಿಂದ ಎರಡನೇ ಮಾನಿಟರಿನ ಕೆಲಸಕ್ಕೆ ಇಂಥ ಚಿಕ್ಕ ಕಾರ್ಡುಗಳೇ ಲೇಸು. ದೊಡ್ಡ ಕಾರ್ಡಿಗೆ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಲ್ಲಿ) 6 ಪಿನ್ನಿನ ತಂತಿ ಇಲ್ಲವೆಂದು ಹಾರ್ಡ್‌ಡಿಸ್ಕಿನ ಸಾಟಾ ತಂತಿಯಿಂದ ಪರಿವರ್ತಿಸುವ ಅಗ್ಗದ ಅಡಾಪ್ಟರ್ ಬಳಸಬಾರದು. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ 4.5 ಆಂಪಿಯರ್, ಅಂದರೆ 54 ವ್ಯಾಟ್ ಮಾತ್ರ ತಾಳಬಲ್ಲದು. 75 ವ್ಯಾಟ್ ಎಳೆಯುವ ಕಾರ್ಡಿಗೆ ಅದನ್ನು ಕೊಟ್ಟರೆ ಪ್ಲಾಸ್ಟಿಕ್ ಕರಗಬಹುದು.

ಕಾರ್ಡ್ ಹಾಕಿದ ಕೂಡಲೇ ಹಳೆಯ ಮಾನಿಟರ್ ಕಪ್ಪಾಯಿತು

ಅತಿ ಹೆಚ್ಚು ಜನ ಎದುರಿಸುವ ದೋಷ ಇದು, ಮತ್ತು ಇದರಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಮದರ್‌ಬೋರ್ಡಿನ ಪೋರ್ಟಿಗೆ ಜೋಡಿಸಿದ ಮಾನಿಟರ್ ಅಲ್ಲಿಯವರೆಗೆ ಸರಿಯಾಗಿತ್ತು; ಹೊಸ ಕಾರ್ಡ್ ಹಾಕಿ ಎರಡನೇ ಮಾನಿಟರನ್ನು ಅದಕ್ಕೆ ಜೋಡಿಸಿದರೆ ಹೊಸದು ಬೆಳಗಿತು, ಹಳೆಯದು ಆರಿತು. ಕಾರಣವೇನೆಂದರೆ, ಬಯೋಸ್‌ನಲ್ಲಿ ಆನ್‌ಬೋರ್ಡ್ ಗ್ರಾಫಿಕ್ಸಿನ ಆಯ್ಕೆ ಸಾಮಾನ್ಯವಾಗಿ ‘ಆಟೊ’ ಎಂದಿರುತ್ತದೆ, ಮತ್ತು ಹಾಗಿದ್ದಾಗ ಸ್ಲಾಟಿನಲ್ಲಿ ಕಾರ್ಡ್ ಕಂಡ ಕೂಡಲೇ ಅನೇಕ ಬೋರ್ಡುಗಳು ಆನ್‌ಬೋರ್ಡ್ ಗ್ರಾಫಿಕ್ಸನ್ನು ಪೂರ್ತಿ ಮುಚ್ಚಿಬಿಡುತ್ತವೆ. ಮುಚ್ಚಿದ್ದು ವಿಂಡೋಸ್‌ಗೆ ಕಾಣುವುದೇ ಇಲ್ಲ. ಆದ್ದರಿಂದ ವಿಂಡೋಸ್ ತನಗೆ ಕಂಡ ಸಾಧನಗಳನ್ನು ಪಟ್ಟಿ ಮಾಡುವ ಡಿವೈಸ್ ಮ್ಯಾನೇಜರಿನ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಪಟ್ಟಿಯಲ್ಲಿ ಹೊಸ ಕಾರ್ಡಿನ ಹೆಸರೊಂದೇ ಇದ್ದು ಇಂಟೆಲ್ ಅಥವಾ ಎಎಂಡಿ ಆನ್‌ಬೋರ್ಡ್ ಗ್ರಾಫಿಕ್ಸಿನ ಹೆಸರು ಮಾಯವಾಗಿದ್ದರೆ ಡ್ರೈವರ್ ಹುಡುಕುತ್ತ ಕೂರುವುದು ವ್ಯರ್ಥ. ನೇರವಾಗಿ ಬಯೋಸ್‌ಗೆ ಹೋಗಬೇಕು.

ಅಲ್ಲಿ ಈ ಆಯ್ಕೆಯ ಹೆಸರು ಬೋರ್ಡಿನಿಂದ ಬೋರ್ಡಿಗೆ ಬೇರೆಯಾಗುತ್ತದೆ. ಏಸಸ್ ಮತ್ತು ಏಸ್‌ರಾಕ್ ಬೋರ್ಡುಗಳಲ್ಲಿ ‘ಐಜಿಪಿಯು ಮಲ್ಟಿ-ಮಾನಿಟರ್’, ಎಂಎಸ್‌ಐ ಬೋರ್ಡುಗಳಲ್ಲಿ ‘ಐಜಿಡಿ ಮಲ್ಟಿ-ಮಾನಿಟರ್’, ಗಿಗಾಬೈಟ್ ಬೋರ್ಡುಗಳಲ್ಲಿ ‘ಇಂಟರ್ನಲ್ ಗ್ರಾಫಿಕ್ಸ್’ ಎಂಬ ಸಾಲುಗಳನ್ನು ಹುಡುಕಬೇಕು. ಏಸಸ್‌ನಲ್ಲಿ ಇದು ‘ಅಡ್ವಾನ್ಸ್‌ಡ್’ ವಿಭಾಗದ ‘ಸಿಸ್ಟಮ್ ಏಜೆಂಟ್’ ಪುಟದೊಳಗಿನ ಗ್ರಾಫಿಕ್ಸ್ ಉಪಪುಟದಲ್ಲಿ ಅಡಗಿರುತ್ತದೆ. ಅದನ್ನು ‘ಎನೇಬಲ್ಡ್’ ಮಾಡಿ, ಪಕ್ಕದಲ್ಲಿ ಇರುವ ‘ಪ್ರೈಮರಿ ಡಿಸ್‌ಪ್ಲೇ’ ಅಥವಾ ‘ಇನಿಶಿಯಲ್ ಡಿಸ್‌ಪ್ಲೇ ಔಟ್‌ಪುಟ್’ ಎಂಬಲ್ಲಿ ಯಂತ್ರ ಚಾಲೂ ಆಗುವಾಗಿನ ಮೊದಲ ಅಕ್ಷರಗಳು ಯಾವ ಮಾನಿಟರಿನಲ್ಲಿ ಮೂಡಬೇಕೋ ಅದನ್ನು ಆರಿಸಿ, ಉಳಿಸಿ ಹೊರಬರಬೇಕು. ಇವು ಎರಡು ಬೇರೆ ಆಯ್ಕೆಗಳು ಎಂಬುದು ಮುಖ್ಯ: ಮೊದಲನೆಯದು ಎರಡೂ ಗ್ರಾಫಿಕ್ಸ್ ಜೀವಂತ ಇರಬೇಕೇ ಎಂದು ಹೇಳುತ್ತದೆ, ಎರಡನೆಯದು ಯಾರು ಮೊದಲು ಮಾತಾಡಬೇಕು ಎಂದು. ಎರಡನೆಯದನ್ನು ಮಾತ್ರ ಬದಲಿಸಿ ‘ಈಗ ಹಳೆಯದು ಬಂತು, ಹೊಸದು ಹೋಯಿತು’ ಎಂದು ಗೊಂದಲಕ್ಕೆ ಬೀಳುವವರು ಬಹಳ. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಮೊದಲನೆಯ ಆಯ್ಕೆಯೇ ಇರುವುದಿಲ್ಲ. ಅಂಥ ಯಂತ್ರದಲ್ಲಿ ಎರಡೂ ಮಾನಿಟರ್‌ಗಳನ್ನು ಹೊಸ ಕಾರ್ಡಿಗೇ ಜೋಡಿಸುವುದೊಂದೇ ದಾರಿ.

ಬಯೋಸ್‌ನಲ್ಲಿ ಆಯ್ಕೆ ಇದ್ದರೂ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿರಬಹುದು. ಇಂಟೆಲ್‌ನ 9ನೇ ತಲೆಮಾರಿನಿಂದ ಈಚೆಗೆ ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಎಎಂಡಿ ರೈಜನ್ 5000 ಸರಣಿಯವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ‘ಜಿ’ ಅಕ್ಷರ ಇರುವುದಕ್ಕೆ ಮಾತ್ರ ಗ್ರಾಫಿಕ್ಸ್ ಉಂಟು. 7000 ಸರಣಿಯಿಂದ ‘ಎಫ್’ ಇಲ್ಲದ ಬಹುತೇಕ ಎಲ್ಲದರಲ್ಲಿಯೂ ಚಿಕ್ಕದೊಂದು ಇದೆ. ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಪ್ರೊಸೆಸರಿನ ಗ್ರಾಫಿಕ್ಸಿಗೆ ಬಾಗಿಲು ಮಾತ್ರ. ಒಳಗೆ ಯಾರೂ ಇಲ್ಲದಿದ್ದರೆ ಎಷ್ಟು ತಟ್ಟಿದರೂ ಫಲವಿಲ್ಲ.

ಎರಡೂ ಮಾನಿಟರ್‌ಗಳು ಕಪ್ಪಾಗಿದ್ದು ಬಯೋಸ್ ಪುಟವೇ ಕಾಣದಿದ್ದರೆ ಹೊಸ ಕಾರ್ಡನ್ನು ತೆಗೆದು, ಹಳೆಯ ಸ್ಥಿತಿಯಲ್ಲಿ ಯಂತ್ರ ಎಬ್ಬಿಸಿ, ಮೇಲಿನ ಆಯ್ಕೆಗಳನ್ನು ಮೊದಲೇ ಮಾಡಿಟ್ಟು, ಮತ್ತೆ ಕಾರ್ಡ್ ಹಾಕಬೇಕು. ಕಾರ್ಡ್ ತೆಗೆದರೂ ಚಿತ್ರ ಬಾರದಿದ್ದಲ್ಲಿ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಸ್ವಲ್ಪ ಹೊತ್ತು ಕಳಚಿ ಬಯೋಸನ್ನು ಮೂಲಸ್ಥಿತಿಗೆ ತರಬೇಕು.

ಬಹಳ ಹಳೆಯ ಕಾರ್ಡುಗಳದು ಇನ್ನೊಂದು ಕಥೆ. 2012ಕ್ಕಿಂತ ಹಿಂದಿನ ಬಹುತೇಕ ಕಾರ್ಡುಗಳಲ್ಲಿ ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್ ಕ್ರಮದಲ್ಲಿ ಚಿತ್ರ ತೋರಿಸುವ ಫರ್ಮ್‌ವೇರ್ ಇರುವುದಿಲ್ಲ. ಬಯೋಸ್‌ನಲ್ಲಿ ಸಿಎಸ್‌ಎಂ ಎಂಬ ಹಳೆಯ ಹೊಂದಾಣಿಕೆ ಮುಚ್ಚಿದ್ದಾಗ ಇಂಥ ಕಾರ್ಡ್ ಪ್ರೈಮರಿಯಾಗಿದ್ದರೆ ಚಾಲೂ ಆಗುವಾಗ ಪರದೆ ಕಪ್ಪಾಗಿರುತ್ತದೆ. ಸಿಎಸ್‌ಎಂ ತೆರೆಯುವುದು ಸುಲಭದ ಉಪಾಯವಾಗಿ ಕಂಡರೂ ಅದರೊಡನೆ ಸೆಕ್ಯೂರ್ ಬೂಟ್ ಎಂಬ, ಚಾಲೂ ಆಗುವಾಗಿನ ಸುರಕ್ಷತೆಯ ವ್ಯವಸ್ಥೆ ನಿಲ್ಲುತ್ತದೆ, ವಿಂಡೋಸ್ 11ರ ಯಂತ್ರದಲ್ಲಿ ಅದು ಬೇರೆ ತಲೆನೋವು. ಹೊಸ ಗ್ರಾಫಿಕ್ಸನ್ನು ಪ್ರೈಮರಿ ಮಾಡಿ ಹಳೆಯದನ್ನು ಎರಡನೆಯದಾಗಿ ಇಡುವುದೇ ಉತ್ತಮ, ಏಕೆಂದರೆ ಎರಡನೆಯದು ವಿಂಡೋಸಿನ ಡ್ರೈವರ್ ಬಂದ ಮೇಲೆ ಎದ್ದರೂ ಸಾಕು.

ವಿಂಡೋಸ್‌ಗೆ ಕಾರ್ಡ್ ಕಾಣದಿದ್ದರೆ, ಅಥವಾ ಕಂಡೂ ಹಳದಿ ಗುರುತಿದ್ದರೆ

ಕಾರ್ಡಿನ ಹೆಸರು ಡಿವೈಸ್ ಮ್ಯಾನೇಜರಿನಲ್ಲಿ ಯಾವ ರೂಪದಲ್ಲಿಯೂ ಇಲ್ಲದಿದ್ದರೆ ಸಂಶಯ ಸ್ಲಾಟಿನ ಮೇಲೆ ಬೀಳಬೇಕು. ಕಾರ್ಡನ್ನು ತೆಗೆದು, ಸ್ಲಾಟಿನ ಧೂಳು ಊದಿ, ಕೊನೆಯ ಕೊಂಡಿ ‘ಕ್ಲಿಕ್’ ಎನ್ನುವವರೆಗೆ ಒತ್ತಿ ಕೂರಿಸಬೇಕು. ಎರಡನೆಯ ಉದ್ದ ಸ್ಲಾಟ್ ನೋಡಲು 16 ಲೇನಿನಂತಿದ್ದರೂ ಒಳಗೆ 4 ಲೇನ್ ಮಾತ್ರ ಇರುವುದು ಸಾಮಾನ್ಯ, ಅದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಆ ಲೇನುಗಳನ್ನು ಎಂ.2 ಎಸ್‌ಎಸ್‌ಡಿಯ ಜಾಗದೊಡನೆ ಹಂಚಿಕೊಂಡಿರುವ ಬೋರ್ಡುಗಳಲ್ಲಿ: ಅಲ್ಲಿ ಎಸ್‌ಎಸ್‌ಡಿ ಹಾಕಿದರೆ ಸ್ಲಾಟ್ ಸತ್ತುಹೋಗಬಹುದು. ಬೋರ್ಡಿನ ಕೈಪಿಡಿಯಲ್ಲಿ ಸ್ಲಾಟುಗಳ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ.

ಹೆಸರಿದ್ದು ಹಳದಿ ತ್ರಿಕೋನ ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಓದಬೇಕು. ಕೋಡ್ 12 ಎಂದರೆ ಕಾರ್ಡಿಗೆ ಬೇಕಾದ ಮೆಮೊರಿ ವಿಳಾಸದ ಜಾಗ ಸಿಕ್ಕಿಲ್ಲ. ಬಯೋಸ್‌ನಲ್ಲಿ ‘ಅಬೊವ್ 4ಜಿ ಡಿಕೋಡಿಂಗ್’ ತೆರೆದು ನೋಡಬೇಕು, ವಿಂಡೋಸ್ 32 ಬಿಟ್ಟಿನದಾಗಿದ್ದರೆ 64 ಬಿಟ್ಟಿಗೆ ಹೋಗುವುದೇ ಮೇಲು. ಕೋಡ್ 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದು. ಅದು ಕೆಟ್ಟ ಕಾರ್ಡಿನಿಂದಲೂ ಬರುತ್ತದೆ, ಸಾಲದ ವಿದ್ಯುತ್ತಿನಿಂದಲೂ, ಹೊಂದದ ಡ್ರೈವರಿನಿಂದಲೂ ಬರುತ್ತದೆ. ಆದ್ದರಿಂದ 43 ಕಂಡ ಮಾತ್ರಕ್ಕೆ ಕಾರ್ಡನ್ನು ಎಸೆಯಬಾರದು. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂಬ ಹೆಸರು ಕಂಡರೆ ಕಾರ್ಡಿಗೆ ತನ್ನ ಡ್ರೈವರ್ ಸಿಕ್ಕಿಲ್ಲವೆಂದು ಅರ್ಥ, ಮತ್ತು ಆ ಸ್ಥಿತಿಯಲ್ಲಿ ಎರಡನೇ ಪರದೆಯನ್ನು ನಿರೀಕ್ಷಿಸಬಾರದು.

ಎರಡು ಎನ್ವಿಡಿಯಾ ಕಾರ್ಡುಗಳು, ಒಂದೇ ಡ್ರೈವರ್

ಅನುಭವಸ್ಥರನ್ನೂ ದಿಕ್ಕು ತಪ್ಪಿಸುವ ದೋಷ ಇದೇ. ವಿಂಡೋಸ್ ವಿಸ್ಟಾದಲ್ಲಿ ಎಲ್ಲ ಕಾರ್ಡುಗಳೂ ಒಂದೇ ಡ್ರೈವರ್ ಬಳಸಬೇಕೆಂಬ ಕಟ್ಟುಪಾಡು ಇತ್ತು. ವಿಂಡೋಸ್ 7ರಿಂದ ಅದು ಸಡಿಲಗೊಂಡು ಇಂಟೆಲ್, ಎನ್ವಿಡಿಯಾ, ಎಎಂಡಿ ಡ್ರೈವರ್‌ಗಳು ಒಂದೇ ಯಂತ್ರದಲ್ಲಿ ಜೊತೆಯಾಗಿ ಇರಬಲ್ಲವು. ಆದರೆ ಒಂದೇ ತಯಾರಕರ ಎರಡು ಆವೃತ್ತಿಯ ಡ್ರೈವರ್‌ಗಳನ್ನು ಒಟ್ಟಿಗೆ ಇಡುವುದನ್ನು ನಂಬುವ ಹಾಗಿಲ್ಲ. ಆದ್ದರಿಂದ ಬೇರೆ ಬೇರೆ ಕಂಪನಿಯ ಎರಡು ಗ್ರಾಫಿಕ್ಸ್‌ಗಳಿಗಿಂತ ಒಂದೇ ಕಂಪನಿಯ ಹೊಸ-ಹಳೆಯ ಜೋಡಿಯೇ ಹೆಚ್ಚು ಕಾಡುತ್ತದೆ ಎಂಬ ವಿಚಿತ್ರ ಪರಿಸ್ಥಿತಿ ಇದೆ.

ಉದಾಹರಣೆಗೆ, ಮುಖ್ಯ ಕಾರ್ಡ್ ಆರ್‌ಟಿಎಕ್ಸ್ 4060 ಇರಲಿ, ಎರಡನೇ ಮಾನಿಟರಿಗೆ ಅಗ್ಗದಲ್ಲಿ ಸಿಕ್ಕಿತೆಂದು ಜಿಟಿ 710 ಹಾಕಿರಲಿ. ಜಿಟಿ 710 ಕೆಪ್ಲರ್ ತಲೆಮಾರಿನದು. 2021ರಲ್ಲಿ ಎನ್ವಿಡಿಯಾ ಆ ತಲೆಮಾರನ್ನು 470 ಶ್ರೇಣಿಯ ಡ್ರೈವರ್‌ಗೆ ನಿಲ್ಲಿಸಿತು. ಆರ್‌ಟಿಎಕ್ಸ್ 40 ಸರಣಿ ಬಂದದ್ದು 2022ರ ಅಕ್ಟೋಬರಿನಲ್ಲಿ, ಅದಕ್ಕೆ 520ರ ಶ್ರೇಣಿ ಅಥವಾ ಅದರಾಚೆಯ ಡ್ರೈವರ್ ಬೇಕು. ಎರಡಕ್ಕೂ ಒಪ್ಪುವ ಒಂದು ಡ್ರೈವರ್ ಇಲ್ಲ. ಹೊಸ ಡ್ರೈವರ್ ಹಾಕಿದರೆ 710 ಬೇಸಿಕ್ ಅಡಾಪ್ಟರ್ ಆಗುತ್ತದೆ ಅಥವಾ ಹಳದಿ ಗುರುತು ತೋರಿಸುತ್ತದೆ. ಹಳೆಯದು ಹಾಕಿದರೆ 4060 ಕೆಲಸ ನಿಲ್ಲಿಸುತ್ತದೆ. ಒಮ್ಮೊಮ್ಮೆ ವಿಂಡೋಸ್ ಅಪ್‌ಡೇಟ್ ತಾನಾಗಿಯೇ ಒಂದರ ಡ್ರೈವರನ್ನು ತಂದು ಹಾಕಿ, ನಿನ್ನೆ ಸಂಜೆಯವರೆಗೆ ಸರಿಯಿದ್ದ ಮುಖ್ಯ ಮಾನಿಟರನ್ನು ಬೆಳಗ್ಗೆ ಕೆಡಿಸಿರುತ್ತದೆ. ಇಲ್ಲಿ ದುರಸ್ತಿ ಎಂಬುದಿಲ್ಲ, ಜೋಡಿಯನ್ನೇ ಬದಲಿಸಬೇಕು. ಅದೇ 710ರ ಜೊತೆಗೆ ಜಿಟಿಎಕ್ಸ್ 1650 ಇದ್ದಿದ್ದರೆ 470 ಶ್ರೇಣಿಯ ಡ್ರೈವರ್ ಎರಡನ್ನೂ ನಡೆಸುತ್ತದೆ. ಹೊಸ ಆಟಗಳಿಗೆ ಬೇಕಾದ ಸುಧಾರಣೆಗಳು ಸಿಗುವುದಿಲ್ಲ, ಅಷ್ಟೆ.

ಜಿಟಿ 730 ಇನ್ನೂ ಮೋಸದ್ದು, ಏಕೆಂದರೆ ಅದೇ ಹೆಸರಿನಲ್ಲಿ ಎರಡು ಬೇರೆ ಚಿಪ್ಪುಗಳು ಮಾರಾಟವಾಗಿವೆ. 384 ಕೋರುಗಳಿರುವುದು ಕೆಪ್ಲರ್. 96 ಕೋರುಗಳಿರುವುದು ಅದಕ್ಕಿಂತ ಹಿಂದಿನ ಫರ್ಮಿ, ಅದರ ಕೊನೆಯ ವಿಂಡೋಸ್ ಡ್ರೈವರ್ 2018ರ 391.35. ಫರ್ಮಿಯ 730 ಮತ್ತು 1650 ಒಟ್ಟಿಗೆ ಬಾಳುವುದಿಲ್ಲ. ಡಬ್ಬಿಯ ಮೇಲಿನ ಹೆಸರನ್ನು ನಂಬದೆ ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶದಲ್ಲಿ ಚಿಪ್ಪಿನ ಹೆಸರನ್ನು ಓದುವುದೇ ಸರಿಯಾದ ಕ್ರಮ. ಎಎಂಡಿಯಲ್ಲಿಯೂ ಇಂಥದೇ ಗಡಿ ಇದೆ: 2021ರ ಜೂನ್‌ನಲ್ಲಿ ರೇಡಿಯಾನ್ 200 ಮತ್ತು 300 ಸರಣಿಗಳು ಹಳೆಯ ಪಟ್ಟಿಗೆ ಸರಿದವು.

ಜೋಡಿ ಸರಿಯಿದ್ದೂ ಡ್ರೈವರ್ ಕೂರದಿದ್ದರೆ ಹಿಂದಿನ ಪ್ರಯತ್ನಗಳ ಉಳಿಕೆ ಕಾರಣವಿರಬಹುದು. ಇಂಟರ್ನೆಟ್ ಸಂಪರ್ಕ ಕಳಚಿ, ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ತಂತ್ರಾಂಶದಿಂದ ಹಳೆಯದೆಲ್ಲವನ್ನೂ ತೆಗೆದು, ಎರಡೂ ಕಾರ್ಡುಗಳು ಸ್ಲಾಟಿನಲ್ಲಿರುವಾಗಲೇ ಒಂದೇ ಡ್ರೈವರನ್ನು ಹೊಸದಾಗಿ ಹಾಕಬೇಕು.

ಎಲ್ಲ ಸರಿಯಿದ್ದೂ ಸಿಗ್ನಲ್ ಇಲ್ಲ

ಎರಡೂ ಕಾರ್ಡುಗಳು ಹಳದಿ ಗುರುತಿಲ್ಲದೆ ಡಿವೈಸ್ ಮ್ಯಾನೇಜರಿನ ಪಟ್ಟಿಯಲ್ಲಿದ್ದರೆ ಉಳಿದದ್ದು ಕೇಬಲ್. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಒಂದೇ ದಿಕ್ಕಿನದು: ಕಂಪ್ಯೂಟರಿನ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರಿನ ಕಡೆ ಎಚ್‌ಡಿಎಂಐ ಇರಲೇಬೇಕು. ಎಚ್‌ಡಿಎಂಐನಿಂದ ವಿಜಿಎಗೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಡಿವಿಐ-ಡಿ ಪೋರ್ಟಿನಲ್ಲಿ ಅನಲಾಗ್ ಪಿನ್‌ಗಳೇ ಇಲ್ಲದ್ದರಿಂದ ವಿಜಿಎಯ ಅಗ್ಗದ ಪ್ಲಗ್ ಅದರಲ್ಲಿ ಕೆಲಸ ಮಾಡದು. ಮಾನಿಟರಿನ ಗುಂಡಿಯಿಂದ ಸರಿಯಾದ ಇನ್‌ಪುಟ್ ಆರಿಸಿದೆಯೇ ಎಂದೂ ನೋಡಬೇಕು. ಬೆಳಗುತ್ತಿರುವ ಮಾನಿಟರಿನ ಕೇಬಲ್ಲನ್ನು ಕಪ್ಪು ಮಾನಿಟರಿಗೆ ಹಾಕಿ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಬೆಳಗಿತು, ಆದರೆ ತಡವರಿಸುತ್ತದೆ

ಒಂದು ಕಾರ್ಡಿನಲ್ಲಿ ತಯಾರಾದ ಚಿತ್ರವನ್ನು ಇನ್ನೊಂದು ಕಾರ್ಡಿನ ಮಾನಿಟರಿನಲ್ಲಿ ತೋರಿಸಬೇಕಾದಾಗ ವಿಂಡೋಸ್ ಅದನ್ನು ಸ್ಲಾಟಿನ ಮೂಲಕ ನಕಲು ಮಾಡುತ್ತದೆ. 1920 × 1080ರ ಒಂದು ಪೂರ್ಣ ಚಿತ್ರ ಸುಮಾರು 8.3 ಎಂಬಿ, ಸೆಕೆಂಡಿಗೆ 60 ಚಿತ್ರವಾದರೆ ಸುಮಾರು 500 ಎಂಬಿ. ಪಿಸಿಐ ಎಕ್ಸ್‌ಪ್ರೆಸ್ 2ರ ಒಂದು ಲೇನಿನ ಮಿತಿಯೂ ಅಷ್ಟೇ, 3ರ ಒಂದು ಲೇನಿನದು 985 ಎಂಬಿ. ಹಾಗಾಗಿ ಒಂದು ಲೇನಿನ ಸಣ್ಣ ಸ್ಲಾಟಿಗೆ ಹಾಕಿದ ಕಾರ್ಡಿನ ಪರದೆಯಲ್ಲಿ ಟೈಪಿಂಗ್, ಇಮೇಲ್, ಲೆಕ್ಕದ ಹಾಳೆ ಸಲೀಸಾಗಿ ನಡೆದರೂ ವಿಡಿಯೊವನ್ನು ಅಲ್ಲಿಗೆ ಎಳೆದಾಗ ತೊಡರಬಹುದು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದ ‘ಗ್ರಾಫಿಕ್ಸ್’ ವಿಭಾಗದಲ್ಲಿ ಆಯಾ ತಂತ್ರಾಂಶಕ್ಕೆ ಅದು ಕಾಣುವ ಪರದೆಯ ಕಾರ್ಡನ್ನೇ ನಿಗದಿಪಡಿಸಿದರೆ ಸುಧಾರಿಸುತ್ತದೆ.

ಪರದೆಗಳು ಕ್ಷಣಕಾಲ ಕಪ್ಪಾಗಿ ಮರಳಿ ಬರುತ್ತಿದ್ದರೆ ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿ ತೋರಿಸುವ ಇವೆಂಟ್ ವ್ಯೂವರಿನಲ್ಲಿ 4101 ಸಂಖ್ಯೆಯ ದಾಖಲೆಯನ್ನು ಹುಡುಕಬೇಕು. ಕಾರ್ಡ್ ಎರಡು ಸೆಕೆಂಡಿನೊಳಗೆ ಉತ್ತರಿಸದಿದ್ದಾಗ ವಿಂಡೋಸ್ ಡ್ರೈವರನ್ನು ಮತ್ತೆ ಎಬ್ಬಿಸಿದ ಗುರುತು ಅದು. ಶಾಖ, ವಿದ್ಯುತ್, ಡ್ರೈವರ್ ಈ ಮೂರನ್ನು ಅದೇ ಕ್ರಮದಲ್ಲಿ ಶಂಕಿಸಬಹುದು. ಕರೆಂಟ್ ಹೋದಾಗ ಮಾತ್ರ ಯಂತ್ರ ಆರುತ್ತಿದ್ದರೆ ತಪ್ಪು ಕಾರ್ಡಿನದಲ್ಲ: ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಹೊರುತ್ತದೆ, ಬ್ಯಾಟರಿ ಹಳೆಯದಾದರೆ ಅಷ್ಟನ್ನೂ ಹೊರುವುದಿಲ್ಲ.

ಲಿನಕ್ಸ್ ಬಳಸುವವರು ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಪಿಸಿಐ -ಕೆ’ (lspci -k) ಆದೇಶದಿಂದ ಎರಡೂ ಕಾರ್ಡುಗಳು ಕಾಣುತ್ತಿವೆಯೇ, ಯಾವುದಕ್ಕೆ ಯಾವ ಡ್ರೈವರ್ ಅಂಟಿದೆ ಎಂದು ನೋಡಿಕೊಳ್ಳಬೇಕು. ಪರದೆಗೆ ಚಿತ್ರ ಕಳಿಸುವ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಎರಡನೇ ಕಾರ್ಡಿನ ಪೋರ್ಟನ್ನು ‘ಎಕ್ಸ್‌ರ‍್ಯಾಂಡರ್’ ಮೂಲಕ ಕೈಯಾರೆ ಜೋಡಿಸಬೇಕಾಗಬಹುದು. ವೇಲ್ಯಾಂಡ್ ಆಧಾರಿತ ಹೊಸ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ತಾನಾಗಿ ಆಗುತ್ತದೆ.

ಕಾರ್ಡೇ ಕೆಟ್ಟಿದೆ ಎಂದು ಹೇಳುವುದು ಯಾವಾಗ

ಮುಖ್ಯ ಕಾರ್ಡನ್ನು ತೆಗೆದು, ಅದೇ ಮೊದಲ ಸ್ಲಾಟಿಗೆ ಎರಡನೇ ಕಾರ್ಡನ್ನು ಒಂಟಿಯಾಗಿ ಹಾಕಿ, ಕೆಲಸ ಮಾಡುವುದೆಂದು ಗೊತ್ತಿರುವ ಕೇಬಲ್ ಮತ್ತು ಮಾನಿಟರ್ ಜೋಡಿಸಿ ನೋಡಬೇಕು. ಅಲ್ಲಿ ಚಿತ್ರ ಬಂದರೆ ಕಾರ್ಡ್ ನಿರ್ದೋಷಿ, ದೋಷ ಎರಡನೇ ಸ್ಲಾಟಿನಲ್ಲೋ ಡ್ರೈವರಿನಲ್ಲೋ ಇದೆ. ಬಾರದಿದ್ದರೆ ಇನ್ನೊಂದು ಯಂತ್ರದಲ್ಲಿ ಇದೇ ಪರೀಕ್ಷೆ ಮಾಡಬೇಕು. ಎರಡು ಯಂತ್ರಗಳಲ್ಲಿಯೂ ಸೋತ ಕಾರ್ಡನ್ನು ವಾರಂಟಿ ಇದ್ದರೆ ಮರಳಿಸಬಹುದು. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಬಳಸಿದ ಕಾರ್ಡ್ ಕೊಳ್ಳುವವರು ಅಂಗಡಿಯ ಯಂತ್ರದಲ್ಲೇ ಅದನ್ನು ಹಾಕಿಸಿ, ಎಲ್ಲ ಪೋರ್ಟುಗಳಿಗೂ ಒಂದೊಂದು ಸಲ ಮಾನಿಟರ್ ಜೋಡಿಸಿ ನೋಡಿ, ಜಿಪಿಯು-ಜೆಡ್ ತೋರಿಸುವ ಚಿಪ್ಪಿನ ಹೆಸರನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ಹಣ ಕೊಡಬೇಕು. ಹೆಸರು ತಿದ್ದಿದ ನಕಲಿ ಎನ್ವಿಡಿಯಾ ಕಾರ್ಡುಗಳ ಪಕ್ಕದಲ್ಲಿ ಆ ತಂತ್ರಾಂಶ ‘ಫೇಕ್’ ಎಂದು ಬರೆದು ತೋರಿಸುತ್ತದೆ.